ಕೊಳವೆಬಾವಿಯ ನೀರು, ತಿಪ್ಪೆಗೊಬ್ಬರ ಮತ್ತು ಹಸುಗೂಸು

ನೀರಿನ ದೋಷಗಳನ್ನು ಸುಶ್ರುತಸಂಹಿತೆಯು ಸ್ಪರ್ಶ, ರೂಪ, ರಸ, ಗಂಧ, ವೀರ್ಯ, ವಿಪಾಕ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಮೊದಲ ನಾಲ್ಕನ್ನು ಕೈ, ಕಣ್ಣು, ನಾಲಿಗೆ, ಮೂಗುಗಳಿಂದಲೇ ಅರಿಯಬಹುದು. ಉಳಿದೆರಡು ಕುಡಿದ ಮೇಲೆ ದೇಹದಲ್ಲಿ ತೋರಿಬರುವಂಥವು. ಇಂದು ನಮ್ಮ ಕೊಳವೆಬಾವಿಗಳಲ್ಲಿ ಕಂಡುಬರುತ್ತಿರುವ ನೈಟ್ರೇಟ್ ಎಂಬ ಲವಣಾಂಶವನ್ನು ಈ ಎರಡನೆಯ ಗುಂಪಿಗೇ ಸೇರಿಸಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ತಿಳಿಯದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟು ನೈಟ್ರೇಟಿನ ಮಿತಿಯನ್ನು ಮೀರಿದ್ದವು.

ಇದಕ್ಕೆ ರಾಸಾಯನಿಕ ಗೊಬ್ಬರವೂ ಶೌಚಗುಂಡಿಗಳೂ ಕಾರಣವೆಂಬುದನ್ನು ಹಲವರು ಬಲ್ಲರು. ಸಗಣಿ, ಗಂಜಲ, ಕೋಳಿಗೊಬ್ಬರಗಳ ಪಾಲನ್ನು ಮಾತ್ರ ಮರೆಯುತ್ತೇವೆ. "ಸಾವಯವವಲ್ಲವೇ, ಎಷ್ಟು ಹಾಕಿದರೇನು?" ಎಂಬ ಮಾತನ್ನು ರೈತಬಾಂಧವರಿಂದ ಬಹಳ ಸಲ ಕೇಳಿದ್ದೇನೆ. ಗೊಬ್ಬರದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಅಮೋನಿಯವಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅದು ಪೈರಿಗೆ ಆಹಾರ. ಆದರೆ ಪೈರು ಉಂಡು ಮಿಕ್ಕುದನ್ನು ಮಣ್ಣು ಹಿಡಿದಿಡಲಾರದು. ಬೇಸಿಗೆಯ ಕೊನೆಗೆ ಬರಿಹೊಲದಲ್ಲಿ ಗಾಡಿಗಟ್ಟಲೆ ಹರಡಿದ ಗೊಬ್ಬರದ ಸಾರವು ಬೇರು ಇಳಿಯುವ ಮುನ್ನವೇ ಮುಂಗಾರಿನ ನೀರಿನೊಡನೆ ಆಳಕ್ಕೆ ಇಳಿದುಬಿಡುತ್ತದೆ. ಕೊಟ್ಟಿಗೆ ಗೊಬ್ಬರಕ್ಕಿಂತ ಕೋಳಿಗೊಬ್ಬರದಲ್ಲಿ ಸಾರಜನಕ ಹೆಚ್ಚು. ಅಳತೆ ತಪ್ಪಿದರೆ ಸೋರಿಕೆಯೂ ಹೆಚ್ಚು. ಬಾವಿಯ ಮಗ್ಗುಲಲ್ಲೇ ತಿಪ್ಪೆಯಿದ್ದರಂತೂ ಹೇಳುವುದೇ ಬೇಡ.

ಇದರ ಹಾನಿ ಮೊದಲು ತಟ್ಟುವುದು ಆರು ತಿಂಗಳೊಳಗಿನ ಕೂಸಿಗೆ. ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಇದನ್ನು ಗುರುತಿಸಿ ಪ್ರಕಟಿಸಿದರು. ಬಾವಿನೀರು ಬೆರೆಸಿದ ಹಾಲು ಕುಡಿದ ಶಿಶುಗಳ ಮೈ ನೀಲಿಗಟ್ಟಿತ್ತು. ಜೀರ್ಣಾಂಗದಲ್ಲಿ ನೈಟ್ರೇಟ್ ನೈಟ್ರೈಟಾಗಿ ಮಾರ್ಪಟ್ಟು, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ತುಟಿ, ಉಗುರು ನೀಲಿಯಾಗಿ, ಕೂಸು ಏದುಸಿರು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಅದು ಕಷಾಯಕ್ಕೆ ಕಾಯುವ ಹೊತ್ತಲ್ಲ.

ತಾಯಂದಿರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕೂಸಿಗೆಂದು ಮತ್ತೆ ಮತ್ತೆ ಕಾಯಿಸಿದ ನೀರೇ ಹೆಚ್ಚು ಅಪಾಯಕರವಾಗಬಹುದು. ನಮ್ಮ ಹಿರಿಯರು ಬಳಸುತ್ತಿದ್ದ ಕತಕಬೀಜ ಕೆಸರನ್ನು ತಳಕ್ಕಿಳಿಸುತ್ತದೆ, ನೈಟ್ರೇಟನ್ನಲ್ಲ. ಬಟ್ಟೆಯ ಸೋಸು, ಸಾಮಾನ್ಯ ಫಿಲ್ಟರುಗಳಿಂದಲೂ ಅದು ನಿವಾರಣೆಯಾಗದು. ಸುಸ್ಥಿತಿಯಲ್ಲಿರುವ ಆರ್‌ಒ ಯಂತ್ರ ಅದನ್ನು ಬಹುಮಟ್ಟಿಗೆ ತೆಗೆಯಬಲ್ಲದು. ಎದೆಹಾಲೊಂದೇ ಕುಡಿಯುವ ಕೂಸಿಗೆ ಈ ಭಯವಿಲ್ಲ.

ಹಾಗಾದರೆ ತಿಳಿಯುವುದೆಂತು? ಪರೀಕ್ಷೆಯೊಂದೇ ದಾರಿ, ಅದೂ ಒಮ್ಮೆ ಮಾಡಿಸಿದರೆ ಸಾಲದು. ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಬಳಿಕ ಇನ್ನೊಮ್ಮೆ ಮಾಡಿಸಬೇಕು. ಮೋಟರನ್ನು ಹತ್ತು ನಿಮಿಷ ಓಡಿಸಿ, ಮೇಲ್ತೊಟ್ಟಿಯಿಂದಲ್ಲದೆ ಪಂಪಿನ ಬಾಯಿಂದಲೇ ನೀರನ್ನು ಹಿಡಿಯಬೇಕು. ಶುಚಿಯಾದ ಶೀಷೆಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿ, ತಂಪಾಗಿರಿಸಿ, ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಕ್ಲೋರೈಡ್ ಹಾಗೂ ಇ-ಕೋಲಿ ಪರೀಕ್ಷೆಯನ್ನೂ ಕೇಳಿರಿ. ಎರಡನೆಯದಕ್ಕೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಶೀಷೆ ಬೇಕು. ಮೂರೂ ಒಟ್ಟಿಗೆ ಏರಿದ್ದರೆ ಸಗಣಿ-ಗಂಜಲ ಅಥವಾ ಶೌಚದ ಸೋರಿಕೆಯನ್ನು ಶಂಕಿಸಬಹುದು.

ವರದಿ ಓದುವಾಗ ಎಚ್ಚರ ಬೇಕು. ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಕೆಲವು ವರದಿಗಳು ಅದನ್ನು 'ನೈಟ್ರೇಟ್ ಸಾರಜನಕ' ಎಂದು ಕೊಡುತ್ತವೆ. ಆ ಅಂಕಿಯನ್ನು 4.4ರಿಂದ ಗುಣಿಸಿ ನೋಡಬೇಕು. ಅಲ್ಲಿ 12 ಎಂದಿದ್ದರೆ ನೀರು ಮಿತಿ ಮೀರಿದೆಯೆಂದೇ ಅರ್ಥ. ದಿನಾಂಕ, ಬಾವಿಯ ಆಳ, ತಿಪ್ಪೆಯ ದೂರ, ಹೊಲಕ್ಕೆ ಗೊಬ್ಬರ ಹಾಕಿದ ತಿಂಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ಮಿತಿ ಮೀರಿದ್ದರೆ ತಿಪ್ಪೆಯನ್ನು ಬಾವಿಯಿಂದ ದೂರದ ಇಳಿಜಾರಿಗೆ ಸಾಗಿಸಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಪೈರಿನ ಅಗತ್ಯಕ್ಕೆ ತಕ್ಕಷ್ಟೇ, ಬಿತ್ತನೆಗೆ ಸಮೀಪದಲ್ಲಿ ಹಾಕಬೇಕು. ಮರುವರ್ಷವೇ ಅಂಕಿ ಇಳಿಯದಿದ್ದರೆ ಧೃತಿಗೆಡಬೇಕಿಲ್ಲ. ಈಗಾಗಲೇ ಮಣ್ಣಿನೊಳಗೆ ಸೇರಿದ್ದು ಇನ್ನೂ ಹಲವು ವರ್ಷ ಇಳಿಯುತ್ತಲೇ ಇರಬಹುದು. ಅಲ್ಲಿಯವರೆಗೆ ಕೂಸಿನ ಹಾಲಿಗೆ ಪರೀಕ್ಷಿಸಿದ ಬೇರೆ ನೀರನ್ನೇ ತರಬೇಕು.