ಗೋಡೆಯೊಳಗೆ ಕೂತ ಲೆಕ್ಕಿಗರು

ಪಂದ್ಯದ ದಿನ ಬಾಸ್ಟನ್ನಿನ ಕೆನ್‌ಮೋರ್ ನಿಲ್ದಾಣದಲ್ಲಿ ಇಳಿದವರು ದಾರಿ ಕೇಳಬೇಕಾಗಿಲ್ಲ. ಅಪ್ಪನ ಹೆಗಲೇರಿದ ಮಗು, ಅಜ್ಜನ ಕೈ ಹಿಡಿದ ಮೊಮ್ಮಗಳು, ಚರ್ಮದ ಗವಸು ತೊಟ್ಟ ಹುಡುಗರು ಜಾತ್ರೆಗೆ ಹೊರಟ ಹಾಗೆ ಒಂದೇ ದಿಕ್ಕಿಗೆ ನಡೆಯುತ್ತಿರುತ್ತಾರೆ. ಅವರ ಹಿಂದೆ ಹೋದರೆ ಫೆನ್‌ವೇ ಪಾರ್ಕ್ ಸಿಗುತ್ತದೆ. ರೆಡ್ ಸಾಕ್ಸ್ ತಂಡದ ಈ ಮನೆಯಂಗಳದಲ್ಲಿ ಮೊದಲ ಅಧಿಕೃತ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದು ದಿನಕ್ಕೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಂದಿಗೂ ಆಟ ನಡೆಯುವ ಅತ್ಯಂತ ಹಳೆಯ ಬೇಸ್‌ಬಾಲ್ ಕ್ರೀಡಾಂಗಣ ಇದು.

ಕ್ರಿಕೆಟ್ ನೋಡಿ ಬೆಳೆದವರ ಕಣ್ಣು ಮೊದಲು ನಿಲ್ಲುವುದು ಎಡಗಡೆಯ ಗೋಡೆಯ ಮೇಲೆ. ಅದರ ಎತ್ತರ 37 ಅಡಿ. ಬ್ಯಾಟುಗಾರ ನಿಲ್ಲುವ ಜಾಗದಿಂದ ದೂರ 310 ಅಡಿ ಮಾತ್ರ. ಬೆನ್ನಿಗೇ ಲ್ಯಾನ್ಸ್‌ಡೌನ್ ಬೀದಿ ಇರುವುದರಿಂದ ಮೈದಾನ ಆ ಕಡೆ ಹಿಗ್ಗಲು ಜಾಗವಿಲ್ಲ. ಅಂಗಳ ಕಿರಿದಾದಷ್ಟೂ ಗೋಡೆ ಎದ್ದು ನಿಂತಿದೆ. ಮೊದಲು ಅದರ ತುಂಬ ಜಾಹೀರಾತುಗಳಿದ್ದವು. 1947ರಲ್ಲಿ ಹಸಿರು ಬಣ್ಣ ಬಳಿದರು. ಈಗ ಎಲ್ಲರ ಬಾಯಲ್ಲಿ ಅದು ‘ಗ್ರೀನ್ ಮಾನ್‌ಸ್ಟರ್’. ಚೆಂಡು ಗೋಡೆಯನ್ನು ದಾಟಿದರೆ ಹೋಮ್ ರನ್, ನಮ್ಮ ಸಿಕ್ಸರಿನ ಹಾಗೆ. ಬಡಿದು ವಾಪಸಾದರೆ ಆಟ ಮುಂದುವರಿಯುತ್ತದೆ. ಅದು ಯಾವ ಕಡೆಗೆ ಪುಟಿಯುತ್ತದೆ ಎಂಬುದನ್ನು ಅರಿತ ಕ್ಷೇತ್ರರಕ್ಷಕನೇ ಇಲ್ಲಿ ಜಾಣ.

ಮಕ್ಕಳಿಗೆ ತೋರಿಸಲೇಬೇಕಾದದ್ದು ಗೋಡೆಯ ಬುಡದಲ್ಲಿರುವ ಸ್ಕೋರ್‌ಬೋರ್ಡ್. ಸುತ್ತ ದೊಡ್ಡ ದೊಡ್ಡ ವಿಡಿಯೊ ಪರದೆಗಳಿದ್ದರೂ ಇಲ್ಲಿ ರನ್ನುಗಳ ಸಂಖ್ಯೆಯನ್ನು ಈಗಲೂ ಕೈಯಲ್ಲೇ ಬದಲಿಸುತ್ತಾರೆ. ಗೋಡೆಯ ಒಳಗೊಂದು ಇಕ್ಕಟ್ಟಾದ ಓಣಿ. ಬೇಸಿಗೆಯಲ್ಲಿ ಅಲ್ಲಿ ಬಲು ಸೆಕೆ. ಸೀಳುಗಂಡಿಯಿಂದ ಆಟ ನೋಡುತ್ತಾ, ಲೆಕ್ಕಿಗರು ಅಂಕಿಯ ಫಲಕಗಳನ್ನು ಎತ್ತಿ ಸಿಕ್ಕಿಸುತ್ತಾರೆ. ಫಲಕದ ಬಿಳಿ ಪಟ್ಟಿಗಳ ಮೇಲಿನ ಚುಕ್ಕೆ, ಗೀಟುಗಳು ಬರೀ ಅಲಂಕಾರವಲ್ಲ. ತಂಡದ ಹಿಂದಿನ ಒಡೆಯ ಟಾಮ್ ಯಾಕಿ ಮತ್ತು ಅವರ ಪತ್ನಿ ಜೀನ್ ಅವರ ಹೆಸರಿನ ಮೊದಲಕ್ಷರಗಳು ಅಲ್ಲಿ ಮೋರ್ಸ್ ಸಂಕೇತದಲ್ಲಿವೆ. ಅದನ್ನು ಬಿಡಿಸಿ ಓದಲು ಹೇಳಿದರೆ ಮಕ್ಕಳು ಒಂದು ಇನಿಂಗ್ಸ್ ಪೂರ್ತಿ ಅಲುಗುವುದಿಲ್ಲ.

ಬಲಗಡೆಯ ಹಸಿರು ಕುರ್ಚಿಗಳ ಸಾಲಿನಲ್ಲಿ ಒಂದೇ ಒಂದು ಕೆಂಪು ಕುರ್ಚಿ ಇದೆ. 1946ರ ಜೂನ್ 9ರಂದು ರೆಡ್ ಸಾಕ್ಸ್ ಬ್ಯಾಟುಗಾರ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ, ಅಲ್ಲಿ ಕೂತಿದ್ದ ಪ್ರೇಕ್ಷಕನೊಬ್ಬನ ಹುಲ್ಲಿನ ಟೋಪಿಗೆ ಬಿತ್ತು.

ಟಿಕೆಟ್ ಕೊಳ್ಳುವಾಗ ಒಂದು ಎಚ್ಚರ ಬೇಕು. ಹಳೆಯ ಕಟ್ಟಡವಾದ್ದರಿಂದ ಕೆಲವು ಸೀಟುಗಳಿಗೆ ಉಕ್ಕಿನ ಕಂಬ ಅಡ್ಡ ಬರುತ್ತದೆ. ಮರದ ಕುರ್ಚಿಗಳೂ ಕಿರಿದು. ಎಳೆಯ ಮಕ್ಕಳಿದ್ದರೆ ಪಂದ್ಯವಿಲ್ಲದ ಹೊತ್ತಿನ ಮಾರ್ಗದರ್ಶಿತ ಸುತ್ತಾಟವೇ ವಾಸಿ. ಆದರೆ ಎಂಟನೆಯ ಇನಿಂಗ್ಸಿನ ನಡುವೆ ಇಡೀ ಕ್ರೀಡಾಂಗಣ ‘ಸ್ವೀಟ್ ಕ್ಯಾರೊಲೈನ್’ ಹಾಡುವುದನ್ನು ಕೇಳಬೇಕಾದರೆ ಪಂದ್ಯಕ್ಕೇ ಹೋಗಬೇಕು.

ಇಲ್ಲಿ ತಂಡ ಎನ್ನುವುದು ಮನೆತನದ ಆಸ್ತಿ. 1918ರಲ್ಲಿ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ರೆಡ್ ಸಾಕ್ಸ್, ಮುಂದಿನ ವರ್ಷದ ಆಟಗಳು ಮುಗಿದ ಮೇಲೆ ತನ್ನ ತಾರಾ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕಿನ ತಂಡಕ್ಕೆ ಮಾರಿತು. ಮತ್ತೆ ಗೆಲ್ಲಲು 86 ವರ್ಷ ಕಾಯಬೇಕಾಯಿತು. ಕಾದು ಕಾದು ಕಣ್ಣು ಮುಚ್ಚಿದವರು ಎಷ್ಟೋ. 2004ರಲ್ಲಿ ತಂಡ ಗೆದ್ದಾಗ, ಅಪ್ಪ, ಅಜ್ಜಂದಿರ ಸಮಾಧಿಗಳಿಗೆ ಹೋಗಿ ರೆಡ್ ಸಾಕ್ಸ್ ಬಾವುಟ ಇಟ್ಟು ಬಂದವರಿದ್ದರು.