ಶಿಲಾಚೂರ್ಣವೂ ಹೊಲದ ಮಣ್ಣೂ

ಪ್ರಾಚೀನ ರಾಜಧಾನಿಗಳನ್ನು ಕುರಿತು ಓದುವಾಗ ನಾವು ಅರಸರ ವಂಶಾವಳಿಯನ್ನು ಕಲಿಯುತ್ತೇವೆ. ಅವರನ್ನು ಪೋಷಿಸಿದ ಮಣ್ಣಿನ ಚರಿತ್ರೆಯನ್ನು ಕೇಳುವುದು ಕಡಮೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅದರ ಸುತ್ತಲೂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಡಿಯಲ್ಲಿಯೂ, ಸುಣ್ಣಕಲ್ಲು ಪದರಪದರವಾಗಿ ಹರಡಿದೆ. ಅದನ್ನು ಪರಸಿಯಾಗಿ ಮನೆಗೆ ಹಾಸುತ್ತಾರೆ, ಸಿಮೆಂಟಿಗಾಗಿ ಸುಡುತ್ತಾರೆ. ಹಾಗಾದರೆ ಗಣಿಗಳ ಬಳಿ ಉಳಿಯುವ ಕಲ್ಲಪುಡಿಯು ಬಡವನ ಹೊಲಕ್ಕೆ ಗೊಬ್ಬರವಾಗಲಾರದೆ?

ಈ ಪ್ರಶ್ನೆ ಹೊಸದಲ್ಲ. ಸಸ್ಯಗಳಿಗೆ ಖನಿಜಾಂಶಗಳು ಅವಶ್ಯವೆಂಬ ತತ್ತ್ವವನ್ನು ಜರ್ಮನಿಯ ಲೀಬಿಗ್ 1840ರಲ್ಲಿ ಪ್ರಚುರಪಡಿಸಿದನು. ಅದೇ ಶತಮಾನದ ಕೊನೆಯಲ್ಲಿ ಹೆನ್ಸೆಲ್ ಎಂಬವನು ಶಿಲಾಚೂರ್ಣವೇ ಗೊಬ್ಬರವೆಂದು ವಾದಿಸಿದನು. ಮಾರಿಷಸ್ ದ್ವೀಪದ ಸವೆದ ಕಬ್ಬಿನ ಹೊಲಗಳಲ್ಲಿ ಕರಿಕಲ್ಲಿನ ಪುಡಿಯನ್ನು ಬೆರಸಿ ಇಳುವರಿ ಹೆಚ್ಚಿಸಿದ ಪ್ರಯೋಗದ ಫಲಗಳು 1961ರಲ್ಲಿ ಪ್ರಕಟವಾದವು. ಬ್ರೆಜಿಲ್ ದೇಶವು 2013ರಲ್ಲಿ ಇಂತಹ ಪುಡಿಗೆ ಕಾನೂನಿನ ಮಾನ್ಯತೆಯನ್ನಿತ್ತಿತು.

ಇದರ ಕಾರಣ ಸರಳವಾದುದು. ಉಷ್ಣವಲಯದ ಭಾರಿ ಮಳೆಯು ಮಣ್ಣಿನ ಸುಣ್ಣ, ಮೆಗ್ನೀಸಿಯಮ್, ಪೊಟ್ಯಾಸಿಯಮ್‌ಗಳನ್ನು ತೊಳೆದೊಯ್ಯುತ್ತದೆ. ಕಬ್ಬಿಣ, ಅಲ್ಯೂಮಿನಿಯಮ್‌ಗಳು ಉಳಿದು ಮಣ್ಣು ಕೆಂಪಾಗಿ ಹುಳಿಯಾಗುತ್ತದೆ. ಕಲ್ಲನ್ನು ನುಣ್ಣಗೆ ಅರೆದರೆ ಇಂಗಾಲಾಮ್ಲ ಬೆರೆತ ಮಳೆನೀರು ಅದನ್ನು ಮೆಲ್ಲನೆ ಕರಗಿಸಿ, ಕಳೆದುಹೋದುದರಲ್ಲಿ ಕೆಲವನ್ನು ಮರಳಿ ಕೊಡುತ್ತದೆ. ಆದರೆ ಕಲ್ಲಿನಲ್ಲಿ ಸಾರಜನಕವು ಇಲ್ಲವೆಂದೇ ಹೇಳಬೇಕು. ಮೇಲಾಗಿ ಎಕರೆಗೆ ಹಲವು ಟನ್ನು ಪುಡಿ ಬೇಕಾಗುವುದರಿಂದ ಸಾಗಣೆಯ ವೆಚ್ಚವೇ ಭಾರವಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ದಖನ್ನಿನ ಕರಿಕಲ್ಲಾಯಿತು. ಆ ಕಲ್ಲು ಶಿಥಿಲಗೊಂಡು ಎರೆಮಣ್ಣಾಯಿತು. ಮಾರಿಷಸ್ಸಿನಲ್ಲಿ ಮನುಷ್ಯನು ಯಂತ್ರದಿಂದ ಮಾಡಿದುದನ್ನು ಇಲ್ಲಿ ಪ್ರಕೃತಿಯೇ ಮಾಡಿ ಮುಗಿಸಿದೆ. ಎರೆಯಲ್ಲಿ ಸುಣ್ಣವು ಮೊದಲೇ ಸಮೃದ್ಧ. ಅದಕ್ಕೆ ಸುಣ್ಣಕಲ್ಲಿನ ಪುಡಿಯನ್ನು ಸೇರಿಸಿದರೆ ಲಾಭವಿಲ್ಲ. ರಂಜಕ, ಸತು, ಕಬ್ಬಿಣಗಳು ಬೇರಿಗೆ ದೊರೆಯುವುದು ಇನ್ನಷ್ಟು ಕಷ್ಟವಾದೀತು. ಗಾಳಿಗೆ ಹಾರಿ ತೊಗರಿಯ ಎಲೆಯ ಮೇಲೆ ಕೂಡುವ ಧೂಳನ್ನಂತೂ ಗೊಬ್ಬರವೆಂದು ಹೇಳಿ ರೈತನನ್ನು ಸಮಾಧಾನಪಡಿಸಲಾಗದು. ಅದು ಎಲೆಗೆ ಬೆಳಕನ್ನು ತಡೆಯುತ್ತದೆ.

ಚಿಂಚೋಳಿಯ ಎತ್ತರದ ಕೆಮ್ಮಣ್ಣಿನ ಮಾತು ಬೇರೆ. ಅಲ್ಲಿ ಮಣ್ಣನ್ನು ಪರೀಕ್ಷಿಸಿ, ಹುಳಿ ಕಂಡರೆ ಮಾತ್ರ ಪುಡಿಯನ್ನು ಹಾಕಬಹುದು. ಮಲೆನಾಡು, ಕರಾವಳಿಗಳ ಹುಳಿಮಣ್ಣಿಗೆ ಸುಣ್ಣ ಹಾಕುವ ಪದ್ಧತಿಯು ರೂಢಿಯಲ್ಲಿಯೇ ಇದೆ. ಎರೆಹೊಲವು ಬೇಡುವುದು ತಿಪ್ಪೆಗೊಬ್ಬರವನ್ನು, ತೇವವನ್ನು, ಸಾರಜನಕವನ್ನು ಮಣ್ಣಿಗೆ ತರುವ ತೊಗರಿಯಂತಹ ದ್ವಿದಳವನ್ನು. ಕಲ್ಲು ಹೇರಳವಾಗಿದೆಯೆಂಬುದು ಅದನ್ನು ಹೊಲಕ್ಕೆ ಹಾಕಲು ಕಾರಣವಲ್ಲ. ಮಣ್ಣಿನ ಕೊರತೆಯೇ ಕಾರಣವಾಗಬೇಕು.