ನಿಮಗಿದು ಗೊತ್ತೆ? ಸ್ಪೀಕರಿನ ‘ಗುಂಯ್’ಗೆ ವೈರುಗಳ ಗೋಜಲೂ ಕಾರಣ!

● ನಮ್ಮ ಮನೆಗಳ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಕರೆಂಟ್ ವೈರಿಗೆ ಅಂಟಿಕೊಂಡೇ ಆಡಿಯೊ ಕೇಬಲ್ ಸಾಗಿದರೆ ಅದರ ಗುಂಯ್‌ಗುಡುವಿಕೆ ಸ್ಪೀಕರಿನಲ್ಲೂ ಕೇಳಿಸಬಹುದು. ಎರಡನ್ನೂ ದೂರವಿಡಿ, ದಾಟಿಸಲೇಬೇಕಾದರೆ 90 ಡಿಗ್ರಿಯಲ್ಲಿ ಅಡ್ಡ ಹಾಯಿಸಿ.

● ಹೋಂ ಥಿಯೇಟರಿಗೆ ಜೋಡಿಸಿದ ಕೇಬಲ್ ಟಿವಿ ವೈರನ್ನು ಕಿತ್ತಾಗ ‘ಗುಂಯ್’ ಸದ್ದು ನಿಂತರೆ, ಅರ್ಥಿಂಗ್ ಎರಡು ಕಡೆಯಿಂದ ಆಗಿರುವುದೇ ಕಾರಣವಿರಬಹುದು. ಹಾಗೆಂದು ಪ್ಲಗ್ಗಿನ ಅರ್ಥ್ ಪಿನ್ ತೆಗೆಯಬೇಡಿ, ಅದು ಅಪಾಯ.

● ಆಡಿಯೊ ಉಪಕರಣಗಳನ್ನು ಜೋಡಿಸಿಡುವ ಸ್ಟುಡಿಯೊ ರ‍್ಯಾಕಿನ ಅಗಲ 19 ಇಂಚು. ಎತ್ತರದ ಅಳತೆ ‘ಯು’: 1 ಯು ಎಂದರೆ 44.45 ಮಿ.ಮೀ.

● ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಮಳೆಗಾಲದ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ರ‍್ಯಾಕನ್ನು ಒದ್ದೆ ಗೋಡೆಗೆ ತಾಗಿಸಬೇಡಿ. ಹೆಚ್ಚು ಬಿಸಿಯಾಗುವ ಆಂಪ್ಲಿಫೈಯರ್ ಮೇಲಿನ ಅರೆಯಲ್ಲಿರಲಿ.

● ಕೇಬಲ್ ಕಟ್ಟಲು ಪ್ಲಾಸ್ಟಿಕ್ ಟೈಗಿಂತ ವೆಲ್ಕ್ರೊ ಪಟ್ಟಿ ಮೇಲು: ಬಿಚ್ಚಿ ಮತ್ತೆ ಕಟ್ಟಬಹುದು.